ಬಾವಿ ನೀರು, ಕೋಜಿಕ್ ಆಸಿಡ್ ಮತ್ತು ಕಂದು ತಿರುಗಿದ ಕ್ರೀಮು

ಪ್ರಶ್ನೆ: ನಮ್ಮದು ಅಂಕೋಲಾ ತಾಲೂಕಿನ ಒಂದು ಹಳ್ಳಿ. ಸ್ವಸಹಾಯ ಸಂಘದ ಆರು ಜನ ಸೇರಿ ತೆಂಗಿನೆಣ್ಣೆ ಸಾಬೂನು, ಮುರುಗಲು ತುಪ್ಪದ ಲಿಪ್ ಬಾಮ್ ಮಾಡುತ್ತೇವೆ. ಗಿರಾಕಿಗಳು ಮುಖ ಬೆಳ್ಳಗಾಗುವ ಕ್ರೀಮು ಕೇಳುತ್ತಿದ್ದಾರೆಂದು ಮಳೆಗಾಲಕ್ಕೆ ಮೊದಲು 40 ಡಬ್ಬಿ ಮಾಡಿದೆವು. ಕೋಜಿಕ್ ಆಸಿಡ್ ಶೇ. 2, ವಿಟಮಿನ್ ಸಿ ಪುಡಿ ಶೇ. 10, ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಶೇ. 5, ಜ್ಯೇಷ್ಠಮಧು ಕಷಾಯ, ಸ್ವಲ್ಪ ನಿಂಬೆರಸ, ಮುರುಗಲು ತುಪ್ಪ, ಕೆಡದಿರಲೆಂದು ವಿಟಮಿನ್ ಇ ಹಾಕಿದ್ದೆವು. ನೀರು ನಮ್ಮ ಬಾವಿಯದೇ, ಕುದಿಸಿ ಆರಿಸಿದ್ದು. ಮೂರು ವಾರದಲ್ಲಿ ಕ್ರೀಮು ಕಂದು ಬಣ್ಣಕ್ಕೆ ತಿರುಗಿತು, ಹುಳಿ ವಾಸನೆ ಬಂತು. ಕೊಂಡ 18 ಜನರಲ್ಲಿ ಕೆಲವರಿಗೆ ಮುಖ ಉರಿಯಿತಂತೆ. ವಿಟಮಿನ್ ಸಿ ಮತ್ತು ನಯಾಸಿನಮೈಡ್ ಸೇರಿದರೆ ವಿಷವಾಗುತ್ತದೆ ಎಂದು ಒಬ್ಬರು ಹೇಳಿದರು. ಕಚ್ಚಾ ಮಾಲು ಕೊಡುವವರು "ಇದೆಲ್ಲ ಬೇಡ, 1 ಕೆಜಿಗೆ ಒಂದು ಚಮಚ ಇದನ್ನು ಹಾಕಿ, ವಾರದಲ್ಲಿ ಫಲಿತಾಂಶ" ಎಂದು ಹೆಸರಿಲ್ಲದ ಬಿಳಿ ಪುಡಿಯ ಪೊಟ್ಟಣ ಕೊಟ್ಟಿದ್ದಾರೆ. ಇನ್ನೂ ಬಳಸಿಲ್ಲ. ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು?

ಉತ್ತರ: ಮೊದಲು ಆ ಪೊಟ್ಟಣದ ವಿಷಯ. ಅದನ್ನು ಬಳಸದೆ ಇಟ್ಟದ್ದು ನೀವು ಮಾಡಿದ ಅತ್ಯಂತ ಸರಿಯಾದ ಕೆಲಸ. ಇನ್ನು ಮುಂದೆಯೂ ಬಿಚ್ಚಬೇಡಿ. ಬೇಗ ಬೆಳ್ಳಗಾಗಿಸುತ್ತದೆ ಎಂದು ಕದ್ದು ಸೇರಿಸುವ ವಸ್ತುಗಳು ಹೆಚ್ಚಾಗಿ ಮೂರು ಜಾತಿಯವು: ಪಾದರಸದ ಲವಣ, ಬಲವಾದ ಸ್ಟೆರಾಯ್ಡ್, ಹೈಡ್ರೋಕ್ವಿನೋನ್. ನಿಮ್ಮ ಪುಡಿ ಇವುಗಳಲ್ಲಿ ಯಾವುದೆಂದು ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಹೇಳಲಾಗದು. ಆದರೆ ಮಾಲಿನ ಹೆಸರು, ಬ್ಯಾಚ್ ಸಂಖ್ಯೆ, ವಿಶ್ಲೇಷಣಾ ಪ್ರಮಾಣಪತ್ರ ಯಾವುದೂ ಇಲ್ಲದ ಬಿಳಿ ಪುಡಿ ಮುಖಕ್ಕೆ ಹಚ್ಚುವ ವಸ್ತುವೇ ಅಲ್ಲ.

ಪಾದರಸ ಹೇಗೆ ಬಿಳುಪು ತರುತ್ತದೆ ಎಂದು ತಿಳಿದರೆ ಅಪಾಯವೂ ಅರ್ಥವಾಗುತ್ತದೆ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವದ ನಡುವೆ ತಾಮ್ರದ ಪರಮಾಣುಗಳಿವೆ. ಪಾದರಸ ಆ ಜಾಗಕ್ಕೆ ನುಗ್ಗಿ ಕಿಣ್ವವನ್ನೇ ಕೊಲ್ಲುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡದಲ್ಲಿ ಸೇರಿಕೊಳ್ಳುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮು ಹಚ್ಚಿದ ಯುವಜನರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣಗಳನ್ನು ವೈದ್ಯರು ಗುರುತಿಸಿದರು. ಹಚ್ಚಿಕೊಂಡವರ ದಿಂಬು, ಟವೆಲ್, ಕೈಯಿಂದ ಮನೆಯ ಮಕ್ಕಳಿಗೂ ತಗಲುತ್ತದೆ. ನಮ್ಮ 2020ರ ಪ್ರಸಾಧನ ನಿಯಮಗಳ ಪ್ರಕಾರ ಕ್ರೀಮಿನಲ್ಲಿ ಪಾದರಸವನ್ನು ಬೇಕೆಂದು ಹಾಕುವಂತೆಯೇ ಇಲ್ಲ. ಅರಿವಿಲ್ಲದೆ ಸೇರಿದ್ದೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದು. ಒಂದು ಗುರುತು ನೆನಪಿಡಿ: ಡಬ್ಬಿಯ ಮೇಲೆ "ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ" ಎಂದು ಬರೆದಿದ್ದರೆ ಒಳಗೆ ಪಾದರಸ ಇದೆಯೆಂದೇ ತಿಳಿಯಿರಿ. ಪಾದರಸ ಈ ಲೋಹಗಳ ಜೊತೆ ಕೂಡಿಕೊಳ್ಳುತ್ತದೆ.

ಸ್ಟೆರಾಯ್ಡ್ ಆದರೆ ಮೊದಲ ತಿಂಗಳು ಮುಖ ಫಳಫಳ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ ತಡೆಯಲಾಗದು, ಹಾಗಾಗಿ ಬಿಡುವುದೂ ಇಲ್ಲ. ಇದೇ ಕಾರಣಕ್ಕೆ 2018ರಲ್ಲಿ ಚರ್ಮಕ್ಕೆ ಹಚ್ಚುವ 14 ಸ್ಟೆರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಲಾಯಿತು. ಹೈಡ್ರೋಕ್ವಿನೋನ್ ವೈದ್ಯರು ಕಾಲಮಿತಿ ಇಟ್ಟು ಕೊಡುವ ಔಷಧ. ವರ್ಷಗಟ್ಟಲೆ ಹಚ್ಚಿದರೆ ಕಲೆ ಹೋಗುವ ಬದಲು ನೀಲಿಗಪ್ಪಾಗಿ ಅಲ್ಲೇ ಕೂತುಬಿಡುತ್ತದೆ. ಪೊಟ್ಟಣವನ್ನು ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೊಟ್ಟವರ ಬಿಲ್ಲಿನ ಜೊತೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಒಪ್ಪಿಸಿ.

ಈಗ ನಿಮ್ಮ ಕಂದು ಕ್ರೀಮು. ಅದರಲ್ಲಿ ಮೂರು ಬೇರೆ ಬೇರೆ ತಪ್ಪುಗಳು ಒಟ್ಟಿಗೆ ಸೇರಿವೆ: ಬಣ್ಣ ತಿರುಗಿದ್ದು ಒಂದು ಕಾರಣಕ್ಕೆ, ವಾಸನೆ ಬಂದದ್ದು ಇನ್ನೊಂದಕ್ಕೆ, ಉರಿದದ್ದು ಮತ್ತೊಂದಕ್ಕೆ.

ಬಣ್ಣಕ್ಕೆ ಮುಖ್ಯ ಕಾರಣ ನೀರು ಎಂಬುದು ನನ್ನ ಬಲವಾದ ಅನುಮಾನ. ಕರಾವಳಿಯ ಬಾವಿಗಳು ಹೆಚ್ಚಿನವು ಚಿರೆಕಲ್ಲಿನಲ್ಲಿ ತೋಡಿದವು. ಚಿರೆಕಲ್ಲಿನ ಕೆಂಪು ಎಂದರೆ ಕಬ್ಬಿಣವೇ. ಬಿಳಿ ಬಟ್ಟೆ ಒಗೆದು ಒಗೆದು ಹಳದಿಯಾಗುವುದು, ಕೊಡಪಾನದ ಒಳಗೆ ಕಂದು ಪಟ್ಟೆ ಕೂರುವುದು, ಚಹಾ ಹಾಕಿದರೆ ಕಪ್ಪಗಾಗುವುದು, ಇವು ನಿಮ್ಮ ಬಾವಿಯಲ್ಲೂ ಇದ್ದರೆ ನೀರಿನಲ್ಲಿ ಕಬ್ಬಿಣ ಇದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಕರಗಿದ ಕಬ್ಬಿಣ ಪೂರ್ತಿ ಹೋಗುವುದಿಲ್ಲ. ಕೋಜಿಕ್ ಆಸಿಡ್ ಕಬ್ಬಿಣ ಕಂಡರೆ ಬಿಡದು, ಹಿಡಿದುಕೊಂಡು ಕೆಂಪು ಬಣ್ಣದ ಸಂಯುಕ್ತವಾಗುತ್ತದೆ. ಅದರ ಕೆಲಸವೇ ಲೋಹ ಹಿಡಿಯುವುದು: ಟೈರೋಸಿನೇಸ್‌ನ ತಾಮ್ರವನ್ನು ಹಿಡಿದೇ ಅದು ಮೆಲನಿನ್ ತಗ್ಗಿಸುತ್ತದೆ. 

ಇದನ್ನು ನೀವೇ ನೋಡಬಹುದು. ಎರಡು ಬಿಳಿ ಪಿಂಗಾಣಿ ಬಟ್ಟಲು ತೆಗೆದುಕೊಳ್ಳಿ. ಒಂದಕ್ಕೆ 50 ಮಿಲಿ ಬಾವಿ ನೀರು, ಇನ್ನೊಂದಕ್ಕೆ ಅಷ್ಟೇ ಡಿಸ್ಟಿಲ್ಡ್ ವಾಟರ್. ಎರಡಕ್ಕೂ ಅರ್ಧ ಗ್ರಾಂ ಕೋಜಿಕ್ ಆಸಿಡ್ ಕರಗಿಸಿ, ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಾವಿ ನೀರಿನ ಬಟ್ಟಲು ಕಿತ್ತಳೆಗೆಂಪಾಗಿದ್ದರೆ ಉತ್ತರ ಸಿಕ್ಕಿತು.

ವಿಟಮಿನ್ ಸಿ ಇದಕ್ಕೆ ತುಪ್ಪ ಸುರಿದಿದೆ. ಅಂಗಡಿಯಲ್ಲಿ ಸಿಗುವ ಪುಡಿ ಎಲ್-ಆಸ್ಕಾರ್ಬಿಕ್ ಆಸಿಡ್. ನೀರಿನಲ್ಲಿ ಕರಗಿದ ಗಳಿಗೆಯಿಂದಲೇ ಗಾಳಿ, ಬೆಳಕು, ಬಿಸಿ ಇವುಗಳಿಂದ ಕೆಡತೊಡಗುತ್ತದೆ, ಹಳದಿಯಾಗಿ ಕಂದಾಗುತ್ತದೆ. ಕಬ್ಬಿಣ, ತಾಮ್ರ ಇದ್ದರೆ ಈ ಕೆಡುಕು ಹಲವು ಪಟ್ಟು ವೇಗ. ಕಬ್ಬಿಣದ ಬಾಣಲೆ, ತುಕ್ಕು ಹಿಡಿದ ಸೌಟು ಕೂಡ ಸಾಕು. ಅದು ಕೆಲಸ ಮಾಡಬೇಕಾದರೆ ಪಿಎಚ್ (ಹುಳಿ-ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.5ಕ್ಕಿಂತ ಕೆಳಗಿರಬೇಕು, ಗಾಳಿ ಹೋಗದ ಬಾಟಲಿ ಬೇಕು. ಅಗಲ ಬಾಯಿಯ ಡಬ್ಬಿಯಲ್ಲಿ, ಕಾರವಾರ-ಅಂಕೋಲಾದ ಸೆಕೆಯಲ್ಲಿ ಅದು ಉಳಿಯುವುದಿಲ್ಲ.

ಉರಿಗೆ ಕಾರಣ ಹುಳಿ. ಶೇ. 10 ಆಸ್ಕಾರ್ಬಿಕ್ ಆಸಿಡ್, ಅದರ ಮೇಲೆ ನಿಂಬೆರಸ. ಕ್ರೀಮಿನ ಪಿಎಚ್ 3ರ ಆಸುಪಾಸಿಗೆ, ಬಹುಶಃ ಅದಕ್ಕೂ ಕೆಳಗೆ ಹೋಗಿರುತ್ತದೆ. ನಮ್ಮ ಚರ್ಮದ ಮೇಲ್ಪದರ ಇರುವುದು 5ರ ಸುತ್ತ. "ಸಿ ಮತ್ತು ನಯಾಸಿನಮೈಡ್ ಸೇರಿದರೆ ವಿಷ" ಎಂಬ ಮಾತು ಹುಟ್ಟಿದ್ದೂ ಇಂಥ ಕಡೆಯೇ. ವಿಷವಾಗುವುದಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ಹಚ್ಚಿದರೂ, ಒಂದರ ಮೇಲೊಂದು ಹಚ್ಚಿದರೂ ತೊಂದರೆಯಿಲ್ಲ. ತೊಂದರೆ ಒಂದೇ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂಡಿಟ್ಟಾಗ. ಆಸ್ಕಾರ್ಬಿಕ್ ಆಸಿಡ್‌ಗೆ ಬೇಕಾದದ್ದು ಹುಳಿ, ನಯಾಸಿನಮೈಡ್‌ಗೆ ಬೇಕಾದದ್ದು 5.5ರಿಂದ 6.5. ಹುಳಿಯಲ್ಲಿ, ಅದೂ ಬಿಸಿಯಲ್ಲಿ, ನಯಾಸಿನಮೈಡ್ ನಿಧಾನವಾಗಿ ಒಡೆದು ನಿಕೋಟಿನಿಕ್ ಆಸಿಡ್ ಆಗುತ್ತದೆ. ಅದು ರಕ್ತನಾಳ ಹಿಗ್ಗಿಸಿ ಮುಖ ಕೆಂಪೇರಿಸುತ್ತದೆ, ಜುಮುಜುಮು ಅನ್ನಿಸುತ್ತದೆ.

ನಿಂಬೆಯ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಮನೆಮದ್ದು ಎಂದು ಇದನ್ನು ಯಾರೂ ಸಂಶಯಿಸುವುದಿಲ್ಲ. ನಿಂಬೆಯ ಸಿಪ್ಪೆ, ರಸದಲ್ಲಿ ಸೊರಾಲೆನ್ ಜಾತಿಯ ವಸ್ತುಗಳಿವೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ. ಬೆಳ್ಳಗಾಗಲು ಹಚ್ಚಿದ್ದು ಕಪ್ಪು ಮಾಡುತ್ತದೆ. ನಿಂಬೆಯನ್ನು ಪಾನಕಕ್ಕೇ ಬಿಡಿ.

ವಾಸನೆಗೆ ಕಾರಣ ಸಂರಕ್ಷಕ ಇಲ್ಲದಿರುವುದು. ವಿಟಮಿನ್ ಇ ಎಣ್ಣೆ ಕಮಟಾಗದಂತೆ ತಡೆಯುತ್ತದೆ, ಅಷ್ಟೇ. ಬೂಸ್ಟು, ಬ್ಯಾಕ್ಟೀರಿಯಾ, ಯೀಸ್ಟ್ ಅದಕ್ಕೆ ಹೆದರುವುದಿಲ್ಲ. ಸಾಬೂನು, ಲಿಪ್ ಬಾಮ್ ಇಲ್ಲಿಯವರೆಗೆ ಕೆಡದಿದ್ದದ್ದು ಸಾಬೂನು ಕ್ಷಾರವಾದ್ದರಿಂದ, ಬಾಮ್‌ನಲ್ಲಿ ನೀರೇ ಇಲ್ಲದ್ದರಿಂದ. ಕ್ರೀಮಿನಲ್ಲಿ ಮುಕ್ಕಾಲು ಪಾಲು ನೀರು. ಅದರ ಮೇಲೆ ನೀವು ಹಾಕಿದ್ದು ಕಷಾಯ. ಕಷಾಯವೆಂದರೆ ಸಕ್ಕರೆ, ಪಿಷ್ಟ ಕರಗಿದ ನೀರು, ಬೂಸ್ಟಿಗೆ ಹಬ್ಬದೂಟ. ಬಿಸಿ ಇರುವಾಗಲೇ ಮುಚ್ಚಳ ಹಾಕಿದ್ದರೆ ಇನ್ನೂ ಸುಲಭ. ಮುಚ್ಚಳದ ಒಳಗೆ ಬೆವರಿ, ಹನಿ ಕ್ರೀಮಿನ ಮೇಲೆ ಬಿದ್ದು, ಆ ಹನಿ ಬಿದ್ದ ಜಾಗದಿಂದಲೇ ಬೂಸ್ಟು ಶುರುವಾಗುತ್ತದೆ. ಒಂದು ಡಬ್ಬಿ ತೆರೆದು ಮುಚ್ಚಳದ ಅಂಚಿನ ನೇರಕ್ಕೆ ನೋಡಿ, ಬೂದು ಚುಕ್ಕೆ ಕಂಡೀತು.

ಜ್ಯೇಷ್ಠಮಧು ಒಳ್ಳೆಯದೇ, ಆದರೆ ಕಷಾಯದಲ್ಲಿ ಅಲ್ಲ. ಅದರಲ್ಲಿ ಬಣ್ಣ ತಗ್ಗಿಸುವ ಅಂಶ ಗ್ಲಾಬ್ರಿಡಿನ್. ಅದು ನೀರಿಗೆ ಇಳಿಯುವುದಿಲ್ಲ. ನೀರಿಗೆ ಇಳಿಯುವುದು ಸಿಹಿ ಅಂಶ. ಗ್ಲಾಬ್ರಿಡಿನ್ ಎಷ್ಟಿದೆ ಎಂದು ನಮೂದಿಸಿದ ಸಾರವನ್ನೇ ಕೊಂಡರೆ ಮಾತ್ರ ಹಾಕಿದ್ದಕ್ಕೆ ಅರ್ಥ. ಅರಿಶಿನವೂ ಅಷ್ಟೇ: ಬೆಳಕಿಗೆ ಬಣ್ಣ ಬಿಡುತ್ತದೆ, ಸ್ವಲ್ಪ ಕ್ಷಾರ ಸೇರಿದರೆ ಕೆಂಪಾಗುತ್ತದೆ, ಬಟ್ಟೆಗೆ ಕಲೆ. ಸ್ನಾನಕ್ಕೆ ಮೊದಲು ಹಚ್ಚಿ ತೊಳೆಯುವ ಪುಡಿಗೆ ಸೈ, ಇಡೀ ದಿನ ಮುಖದ ಮೇಲಿರುವ ಕ್ರೀಮಿಗೆ ಅಲ್ಲ. ಮುರುಗಲು ತುಪ್ಪ ಬಣ್ಣ ತಿಳಿಯಾಗಿಸುತ್ತದೆ ಎಂದು ಕೆಲವರು ಬರೆದುಕೊಳ್ಳುತ್ತಾರೆ. ಅಂಥ ಗುಣ ಅದಕ್ಕಿಲ್ಲ. ಅದರ ದೊಡ್ಡತನ ಬೇರೆ: 38ರಿಂದ 42 ಡಿಗ್ರಿಯಲ್ಲಿ ಕರಗುತ್ತದೆ, ಹಾಗಾಗಿ ನಮ್ಮ ಸೆಕೆಯಲ್ಲೂ ಗಟ್ಟಿ ನಿಂತು ಕ್ರೀಮಿಗೆ ಮೈ ಕೊಡುತ್ತದೆ. ಒಣಗಿ ಬಿರಿದ ಚರ್ಮವನ್ನು ಮುಚ್ಚಿ ಕಾಯುತ್ತದೆ. ಅಷ್ಟು ಹೇಳಿ ಮಾರಿದರೂ ಸಾಕಷ್ಟು ಆಯಿತಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ನಿಮ್ಮಂಥ ಸಣ್ಣ ತಯಾರಿಕೆಗೆ ನನ್ನ ಆಯ್ಕೆ ನಯಾಸಿನಮೈಡ್ ಒಂದೇ, ಶೇ. 4. ಅದು ಮೆಲನಿನ್ ತಯಾರಿಕೆಯನ್ನು ನಿಲ್ಲಿಸುವುದಿಲ್ಲ. ತಯಾರಾದ ಮೆಲನಿನ್‌ನ ಪೊಟ್ಟಣಗಳು ಮೇಲಿನ ಕೋಶಗಳಿಗೆ ಸಾಗುವುದನ್ನು ತಗ್ಗಿಸುತ್ತದೆ. ಬಿಸಿಗೆ ಹೆದರುವುದಿಲ್ಲ, ಕಬ್ಬಿಣಕ್ಕೆ ಬಣ್ಣ ಕೊಡುವುದಿಲ್ಲ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಕೊಳ್ಳುವಾಗ ನಿಕೋಟಿನಿಕ್ ಆಸಿಡ್ ಅಂಶ ಕಡಿಮೆಯಿರುವ ಪ್ರಸಾಧನ ದರ್ಜೆಯದನ್ನೇ ಕೇಳಿ, ಪ್ರಮಾಣಪತ್ರ ಪಡೆಯಿರಿ. ಶೇ. 10 ಎಂದು ಮೇಲೇರಿಸಿದರೆ ಫಲ ದುಪ್ಪಟ್ಟಾಗುವುದಿಲ್ಲ, ಕೆಲವರಿಗೆ ಕೆರೆತ ಮಾತ್ರ ಹೆಚ್ಚುತ್ತದೆ.

ಮುಂದೆ ಕೈ ಪಳಗಿದ ಮೇಲೆ ಬಣ್ಣ ತಗ್ಗಿಸುವ ಇನ್ನೊಂದು ವಸ್ತು ಆಲ್ಫಾ ಅರ್ಬುಟಿನ್ ಸೇರಿಸಬಹುದು, ಶೇ. 1. ಯುರೋಪಿನಲ್ಲಿ ಮುಖದ ಕ್ರೀಮಿಗೆ ಇದರ ಮಿತಿ ಶೇ. 2, ಮೈಗೆ ಹಚ್ಚುವ ಲೋಷನ್‌ಗೆ ಶೇ. 0.5. ಮಿತಿಗೆ ಕಾರಣವಿದೆ: ಹುಳಿ ಮತ್ತು ಬಿಸಿಯಲ್ಲಿ ಅದು ಒಡೆದರೆ ಹುಟ್ಟುವುದು ಹೈಡ್ರೋಕ್ವಿನೋನ್. ಆದ್ದರಿಂದ ಕ್ರೀಮು 40 ಡಿಗ್ರಿಗೆ ಇಳಿದ ಮೇಲೆಯೇ ಹಾಕಬೇಕು, ಪಿಎಚ್ 5ರಿಂದ 5.5ರಲ್ಲಿ ಇಡಬೇಕು. ವಿಟಮಿನ್ ಸಿ ಬೇಕೇಬೇಕೆಂದರೆ ಸೋಡಿಯಂ ಆಸ್ಕಾರ್ಬೈಲ್ ಫಾಸ್ಫೇಟ್ ಇದೆ. ಪಿಎಚ್ 6ರಿಂದ 7ರಲ್ಲಿ ನಿಲ್ಲುತ್ತದೆ, ಉರಿ ಇಲ್ಲ. ಶುದ್ಧ ಸಿಯಷ್ಟು ಚುರುಕೂ ಇಲ್ಲ. ಆದರೆ ಇದೂ ಅರ್ಬುಟಿನ್ ಕೂಡಿ ಒಂದೇ ಡಬ್ಬಿಯಲ್ಲಿ ಬೇಡ, ಎರಡಕ್ಕೂ ಒಪ್ಪುವ ಪಿಎಚ್ ಇಲ್ಲ. ಕೋಜಿಕ್ ಆಸಿಡ್ ಅನ್ನು ನಿಮ್ಮ ಕೈಗೆ ನಾನು ಕೊಡಲಾರೆ. ಯುರೋಪಿನ ಮಿತಿ ಶೇ. 1, ನೀವು ಹಾಕಿದ್ದು ಅದರ ಎರಡು ಪಟ್ಟು. ಅಲರ್ಜಿ ತರುವುದರಲ್ಲೂ ಅದು ಮುಂದೆ.

ಇಗೋ 100 ಗ್ರಾಂಗೆ ಅಳತೆ. ಎಲ್ಲವೂ ತೂಕದಲ್ಲಿ, ಚಮಚದಲ್ಲಲ್ಲ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇಲ್ಲದೆ ಕ್ರೀಮು ಮಾಡಲೇಬೇಡಿ.

ನೀರಿನ ಪಾಲು: ಡಿಸ್ಟಿಲ್ಡ್ ವಾಟರ್ 72 ಗ್ರಾಂ, ನಯಾಸಿನಮೈಡ್ 4, ಗ್ಲಿಸರಿನ್ 4, ಜಾಂಥನ್ ಗಮ್ 0.2, ಡೈಸೋಡಿಯಂ ಇಡಿಟಿಎ 0.1.
ಎಣ್ಣೆಯ ಪಾಲು: ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್ 8, ಎಮಲ್ಸಿಫೈಯಿಂಗ್ ವ್ಯಾಕ್ಸ್ 5, ಮುರುಗಲು ತುಪ್ಪ 4, ಸೀಟೈಲ್ ಆಲ್ಕೋಹಾಲ್ 1.5.
ಆರಿದ ಮೇಲೆ: ಫೀನಾಕ್ಸಿಎಥನಾಲ್ ಮತ್ತು ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಕೂಡಿದ ಸಂರಕ್ಷಕ 1, ವಿಟಮಿನ್ ಇ 0.2.

ಇಡಿಟಿಎ ಎಂಬ ಆ ಚಿಟಿಕೆ ಪುಡಿ ಪಾತ್ರೆಯಿಂದಲೋ ಬೇರೆ ಮಾಲಿನಿಂದಲೋ ಬರುವ ಚೂರುಪಾರು ಲೋಹವನ್ನು ಕಟ್ಟಿಹಾಕುತ್ತದೆ. ಬಾವಿ ನೀರನ್ನು ಸರಿಪಡಿಸುವ ಶಕ್ತಿ ಅದಕ್ಕಿಲ್ಲ. ಬ್ಯಾಟರಿಗೆ ಹಾಕುವ ನೀರನ್ನು ತರಬೇಡಿ, ಅದರಲ್ಲಿ ರೋಗಾಣು ಇಲ್ಲವೆಂದು ಯಾರೂ ನೋಡಿರುವುದಿಲ್ಲ.

ಸ್ಥಳೀಯ ಮುರುಗಲು ತುಪ್ಪಕ್ಕೆ ಮೊದಲೇ ಒಂದು ಸಂಸ್ಕಾರ ಬೇಕು. ಬೀಜ ಜಜ್ಜಿ ನೀರಿನಲ್ಲಿ ಕುದಿಸಿ ತೆಗೆದ ತುಪ್ಪದಲ್ಲಿ ಹೊಟ್ಟಿನ ಚೂರು, ನೀರಿನಂಶ ಉಳಿದಿರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಚಿಟಪಟ ಸದ್ದು ನಿಲ್ಲುವವರೆಗೆ ಇಟ್ಟು, ಎರಡು ಪದರ ಮಸ್ಲಿನ್ ಬಟ್ಟೆಯಲ್ಲಿ ಸೋಸಿ. ಕಮಟು ವಾಸನೆ ಇದ್ದರೆ ಕ್ರೀಮಿಗೆ ಬೇಡ, ಸಾಬೂನಿಗೆ ಹಾಕಿ.

ಜಾಂಥನ್ ಗಮ್ ಅನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿ, ಆಮೇಲೆ ನೀರಿಗೆ. ನೇರ ನೀರಿಗೆ ಉದುರಿಸಿದರೆ ಮೀನಿನ ಕಣ್ಣಿನಂತೆ ಗಂಟು ಕಟ್ಟುತ್ತದೆ, ಎಷ್ಟು ತಿರುವಿದರೂ ಒಡೆಯದು. ಎರಡೂ ಪಾಲನ್ನು ಬೇರೆ ಬೇರೆ ಪಾತ್ರೆಯಲ್ಲಿ, ಬಿಸಿನೀರಿನ ಮೇಲಿಟ್ಟು 75 ಡಿಗ್ರಿಗೆ ತನ್ನಿ. ವ್ಯಾಕ್ಸ್ ಪೂರ್ತಿ ಕರಗಿ ಎಣ್ಣೆ ತಿಳಿಯಾಗಬೇಕು. ನೀರಿನ ಪಾಲನ್ನು ಮತ್ತೆ ತೂಗಿ, ಆವಿಯಾದಷ್ಟು ಬಿಸಿ ಡಿಸ್ಟಿಲ್ಡ್ ವಾಟರ್ ಸೇರಿಸಿ. ಎಣ್ಣೆಯನ್ನು ನೀರಿಗೆ ಸುರಿದು, ಹ್ಯಾಂಡ್ ಬ್ಲೆಂಡರಿನ ತಲೆ ಮುಳುಗಿರುವಂತೆ ಹಿಡಿದು, ನಿಲ್ಲಿಸಿ ನಿಲ್ಲಿಸಿ ಎರಡು ಮೂರು ನಿಮಿಷ ಓಡಿಸಿ. ತಲೆ ಮೇಲೆ ಬಂದರೆ ಗಾಳಿ ಸೇರಿ ನೊರೆಯಾಗುತ್ತದೆ. ಆಮೇಲೆ ಸೌಟಿನಿಂದ ನಿಧಾನಕ್ಕೆ ತಿರುವುತ್ತ 40 ಡಿಗ್ರಿಗೆ ಇಳಿಸಿ, ಕೊನೆಯ ಎರಡನ್ನು ಸೇರಿಸಿ. ಒಂದು ಪಾಲು 75 ಡಿಗ್ರಿ, ಇನ್ನೊಂದು 50 ಇದ್ದಾಗ ಸುರಿದರೆ ವ್ಯಾಕ್ಸ್ ಅಲ್ಲೇ ಹೆಪ್ಪುಗಟ್ಟಿ ಕ್ರೀಮು ರವೆ ರವೆಯಾಗುತ್ತದೆ. ಹೆಚ್ಚಿನ ಸೋಲು ಇಲ್ಲೇ.

ಪಿಎಚ್ ನೋಡಲು 1 ಗ್ರಾಂ ಕ್ರೀಮನ್ನು 9 ಗ್ರಾಂ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಕಿ ಪಟ್ಟಿ ಅದ್ದಿ. 5.5ರಿಂದ 6 ಬೇಕು. ಮೇಲಿದ್ದರೆ ಶೇ. 10ರ ಸಿಟ್ರಿಕ್ ಆಸಿಡ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ, ಪ್ರತಿ ಸಲ ನೋಡಿ. ಪೂರ್ತಿ ತಣಿದ ಮೇಲೆಯೇ, ಸಾಧ್ಯವಾದರೆ ಟ್ಯೂಬ್ ಅಥವಾ ಪಂಪ್ ಬಾಟಲಿಗೆ ತುಂಬಿ. ಒಂದು ಫ್ರಿಜ್‌ನಲ್ಲಿ, ಒಂದು ಕಪಾಟಿನಲ್ಲಿ, ಒಂದು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟು 7, 30, 90ನೇ ದಿನ ಬಣ್ಣ, ವಾಸನೆ, ಪಿಎಚ್ ಬರೆದಿಡಿ. ಮೂರು ತಿಂಗಳ ಈ ಪರೀಕ್ಷೆಯಲ್ಲಿ ಕೆಟ್ಟ ಕ್ರೀಮನ್ನು ಯಾರಿಗೂ ಕೊಡಬೇಡಿ. ಸೂಕ್ಷ್ಮಜೀವಿ ಪರೀಕ್ಷೆಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲೇ ಮಾಡಿಸಬೇಕು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಕ್ಕೆ ವಾಸನೆ ಇರಲೇಬೇಕೆಂದಿಲ್ಲ.

ಗಿರಾಕಿಗೆ ಏನು ಹೇಳುತ್ತೀರಿ ಎಂಬುದೂ ತಯಾರಿಕೆಯ ಭಾಗವೇ. ಹುಟ್ಟಿನಿಂದ ಬಂದ ಮೈಬಣ್ಣವನ್ನು ಯಾವ ಸುರಕ್ಷಿತ ಕ್ರೀಮೂ ಬದಲಿಸುವುದಿಲ್ಲ, ಬದಲಿಸಬೇಕಾದ ಅಗತ್ಯವೂ ಇಲ್ಲ. ಬಿಸಿಲಿಗೆ ಕಪ್ಪಾದದ್ದು, ಮೊಡವೆ ಬಿಟ್ಟುಹೋದ ಕಲೆ, ಮಂಕಾದ ಚರ್ಮ ಇವು ತಿಳಿಯಾಗಬಲ್ಲವು. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 28 ದಿನ ಬೇಕು. ಹಾಗಾಗಿ 8ರಿಂದ 12 ವಾರದ ಮೊದಲು ಫಲ ಕೇಳುವಂತಿಲ್ಲ. ಎರಡೂ ಕೆನ್ನೆಗೆ ಹರಡಿದ ಬಂಗು ಎಂಬ ಕಂದು ಕಲೆಗೆ ವೈದ್ಯರ ಬಳಿ ಕಳಿಸಿ. "ಬಂಗು ಗುಣಪಡಿಸುತ್ತದೆ" ಎಂದು ಬರೆದ ಕ್ಷಣ ನಿಮ್ಮ ಕ್ರೀಮು ಕಾನೂನಿನ ಕಣ್ಣಿಗೆ ಔಷಧವಾಗುತ್ತದೆ. ಹಗಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚದೆ, ಕೊಡೆ ಹಿಡಿಯದೆ ಯಾವ ಕ್ರೀಮು ಹಚ್ಚಿದರೂ ಸೋರುವ ಕೊಡಕ್ಕೆ ನೀರು ತುಂಬಿದಂತೆ. ಸನ್‌ಸ್ಕ್ರೀನನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಜಿಂಕ್ ಆಕ್ಸೈಡ್ ಸಮನಾಗಿ ಹರಡಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು, ಎಸ್‌ಪಿಎಫ್ ಅಳೆಯದೆ ಬರೆಯಲೂ ಬಾರದು.

ಪರವಾನಗಿ ಇಲ್ಲದೆ ಕ್ರೀಮು, ಸಾಬೂನು ತಯಾರಿಸಿ ಮಾರುವುದು 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ ಪ್ರಕಾರ ಅಪರಾಧ. ಸ್ವಂತ ಘಟಕಕ್ಕೆ ಸಿಒಎಸ್-5 ಎಂಬ ನಮೂನೆಯಲ್ಲಿ ಅರ್ಜಿ ಹಾಕಿ ಸಿಒಎಸ್-8 ನಮೂನೆಯ ಪರವಾನಗಿ ಪಡೆಯಬೇಕು. ಅದಕ್ಕೆ ತಕ್ಕ ಕಟ್ಟಡ, ಸಲಕರಣೆ, ಅರ್ಹ ಸಿಬ್ಬಂದಿ ಬೇಕು. ಸಂಘಕ್ಕೆ ಹಗುರವಾದ ದಾರಿ ಇನ್ನೊಂದು: ಪರವಾನಗಿ ಇರುವ ಕಾರ್ಖಾನೆಯಲ್ಲಿ ನಿಮ್ಮ ಸೂತ್ರದಂತೆ ಮಾಡಿಸಿಕೊಳ್ಳುವ ಲೋನ್ ಲೈಸೆನ್ಸ್, ಸಿಒಎಸ್-6 ಅರ್ಜಿಗೆ ಸಿಒಎಸ್-9. ಆಗ ಮುರುಗಲು ತುಪ್ಪ ನಿಮ್ಮದೇ ಊರಿನದು ಹೋಗಲಿ, ಕ್ರೀಮು ಅಲ್ಲಿ ಆಗಲಿ.

ಇನ್ನು ಉಳಿದ 22 ಡಬ್ಬಿ. ಅದಕ್ಕೆ ಸಂರಕ್ಷಕ ಸೇರಿಸಿ, ಬಿಸಿ ಮಾಡಿ, ಸುಗಂಧ ಹಾಕಿ ಉಳಿಸುವ ಯೋಚನೆ ಬೇಡ, ಎಲ್ಲವನ್ನೂ ಕಸಕ್ಕೆ ಹಾಕಿ. ಮಾರಿದ 18 ಮನೆಗೂ ಈ ವಾರವೇ ಫೋನ್ ಮಾಡಿ, ಹಚ್ಚುವುದು ನಿಲ್ಲಿಸಲು ಹೇಳಿ, ಹಣ ಹಿಂತಿರುಗಿಸಿ. ಉರಿ ಬಂದವರು ತಣ್ಣೀರಿನಲ್ಲಿ ತೊಳೆದು, ಎರಡು ವಾರ ಬರೀ ತೆಂಗಿನೆಣ್ಣೆಯಂಥ ಸಾದಾ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಬಿಸಿಲಿನಿಂದ ದೂರವಿರಲಿ. ಕೆಂಪು ಇಳಿಯದಿದ್ದರೆ, ನೀರು ಒಸರಿದರೆ, ಕಣ್ಣು ಊದಿದರೆ ಚರ್ಮವೈದ್ಯರನ್ನು ಕಾಣಬೇಕು. ಹೋಗುವಾಗ ಆ ಡಬ್ಬಿಯನ್ನೂ, ನೀವು ಏನೇನು ಎಷ್ಟೆಷ್ಟು ಹಾಕಿದಿರಿ ಎಂಬ ಚೀಟಿಯನ್ನೂ ಒಯ್ಯಲಿ.